ಕಿವಿಯಪ್ಪನ ಚೆಂಡುಹೂವಿನ ಹಿತ್ತಲು

ಮಕ್ಕಳೇ, ಕುರುಚಲು ಕಾಡಿನ ಅಂಚಿನಲ್ಲೊಂದು ಕುಂಟೆ. ಅದರ ದಡದ ಬಿಲದಲ್ಲಿ ಕಿವಿಯಪ್ಪನೆಂಬ ಮೊಲ, ಅವನ ಅವ್ವ, ಬಸುರಿ ಹೆಂಡತಿ ತುಂಗಿ ಇದ್ದರು. ಬಿಲದ ಹಿಂದಿನ ಹಿತ್ತಲಲ್ಲಿ ಹೊನಗೊನೆ, ಅಣ್ಣೆಸೊಪ್ಪು, ಗೋಣಿಸೊಪ್ಪು ಒತ್ತೊತ್ತಾಗಿ ಬೆಳೆದಿದ್ದವು.

ಕಿವಿಯಪ್ಪನಿಗೆ ಅದನ್ನು ಕಂಡರೆ ನಾಚಿಕೆ. "ದಾರಿಹೋಕರು ನಿಂತು ನೋಡಬೇಕು, ಅಂಥ ಹಿತ್ತಲು ಮಾಡ್ತೀನಿ" ಎಂದು ಎಲ್ಲವನ್ನೂ ಕೀಳತೊಡಗಿದ.

"ಯಾಕೋ ಕೀಳ್ತೀಯ?" ಅವ್ವ ಓಡಿಬಂದಳು.

"ಕಳೆ, ಅವ್ವ."

"ಕಳೆ ಇರೋದು ನಿನ್ನ ತಲೇಲಿ! ಇದು ಬೆರಕೆ ಸೊಪ್ಪು ಕಣೋ. ನಾಳೆ ಬಾಣಂತಿ ಏನು ತಿಂತಾಳೆ?"

"ರೀ, ನನ್ನನ್ನೂ ಒಂದು ಮಾತು ಕೇಳಬಾರದಾ?" ಎಂದಳು ತುಂಗಿ.

"ತೋಟದ ವಿಷಯ ನಿನಗೇನು ಗೊತ್ತು?"

ಹಿತ್ತಲ ತುಂಬ ಚೆಂಡುಹೂವಿನ ಸಾಲು ಎದ್ದಿತು. ಅದರ ಘಾಟಿಗೆ ಬೇರೆ ಯಾವ ವಾಸನೆಯೂ ತಿಳಿಯದಾಯಿತು. ಒಂದು ದಿನ ನರಿ ಬೇಲಿಯಾಚೆ ನಿಂತು, "ಆಹಾ ಕಿವಿಯಪ್ಪನವರೇ, ಎಂಥ ಸಾಲು! ಎಷ್ಟು ಎತ್ತರ!" ಎಂದಿತು. ಕಿವಿಯಪ್ಪ ಉಬ್ಬಿಹೋದ.

ತುಂಗಿ ಮರಿ ಹಾಕಿದಳು. ಬಿಲದ ಬಾಯಲ್ಲಿ ಘಾಟು ಚೆಂಡುಹೂವು ಬಿಟ್ಟರೆ ಕಡಿಯಲು ಒಂದೆಲೆಯೂ ಇಲ್ಲ. ಹಾಲು ಬತ್ತಿತು, ಮರಿಗಳು ಚೀರಿದವು. ಹಸಿ ಬಾಣಂತಿ ಕುಂಟೆಯಾಚೆಯ ಹುಲ್ಲಿಗೆಂದು ಹೂವಿನ ಸಾಲಿನ ನಡುವೆ ಹೊರಟಳು.

ಹಿತ್ತಲ ದಿಬ್ಬದ ಮೇಲೆ ಬಿಸಿಲು ಕಾಯಿಸುತ್ತಿದ್ದ ಅವ್ವನಿಗೆ, ತುಂಗಿಗಿಂತ ತುಸು ಮುಂದೆ ಗಾಳಿಯಿಲ್ಲದೆ ಹೂವು ಅಲ್ಲಾಡಿದ್ದು ಕಂಡಿತು. ಅಪಾಯವೆಂದು ಹಿಂಗಾಲಿನಿಂದ ನೆಲಕ್ಕೆ ಧಡಧಡ ಬಡಿದಳು. ತುಂಗಿ ತಟ್ಟನೆ ತಿರುಗಿ ಬಿಲಕ್ಕೆ ಹಾರಿದಳು. ಹೂವಿನೊಳಗಿಂದ ನೆಗೆದ ನರಿಯ ಬಾಯಿಗೆ ಸಿಕ್ಕಿದ್ದು ಅವಳ ಬೆನ್ನಿನ ಒಂದು ಹಿಡಿ ಕೂದಲು ಮಾತ್ರ.

ನರಿ ಹೋದ ಮೇಲೆ ಕಿವಿಯಪ್ಪ ಬಿಲಕ್ಕೆ ಓಡಿಬಂದ. "ತುಂಗೀ, ಏನು ಮಾಡಲಿ ಹೇಳು."

"ಮೊದಲು ಆ ಗಿಡ ಕೀಳಿ" ಎಂದಳು ತುಂಗಿ. "ಬಿಲದ ಬಾಯಿಗೆ ಗಿಡ್ಡನೆಯ ಸೊಪ್ಪು, ಯಾರೂ ಅಡಗಬಾರದು. ನಡುವೆ ಬಯಲು ಬಿಡಿ, ಮರಿಗಳು ಓಡಾಡೋಕೆ. ದಿಬ್ಬ ಅವ್ವನದು, ಅಲ್ಲಿ ನೆರಳು ಬೀಳೋ ಗಿಡ ನೆಡಬೇಡಿ. ಸುತ್ತ ಕಳ್ಳಿ."

ಕಿವಿಯಪ್ಪ ಅಂದಿನಿಂದಲೇ ಅಗೆದ, ನೆಟ್ಟ. ಸೊಪ್ಪು ಚಿಗುರಿತು, ಮರಿಗಳ ಹೊಟ್ಟೆ ತುಂಬಿತು. ಅವನೊಬ್ಬ ಮಾತ್ರ, ತನ್ನದೆನ್ನಲು ಒಂದು ಹೂವೂ ಉಳಿಯದೆ, ಮೂಲೆಯಲ್ಲಿ ಪೆಚ್ಚಾಗಿ ಕೂತಿದ್ದ.

ತುಂಗಿ ಒಂದು ಚೆಂಡುಹೂವಿನ ಸಸಿ ತಂದು ಅವನ ಮುಂದಿಟ್ಟಳು. "ಇಲ್ಲೊಂದು ಗೇಣು ಜಾಗ ಇದೆ, ನೆಡಿ. ನೀವೂ ಈ ಮನೆಯವರೇ ತಾನೆ!"

ನೀತಿ: ಹಿತ್ತಲು ಮಾಡುವ ಮೊದಲು ಅದರಲ್ಲಿ ಬಾಳುವವರನ್ನು ಕೇಳು, ದಾರಿಹೋಕರ ಹೊಗಳಿಕೆ ಮನೆಯವರ ಹೊಟ್ಟೆ ತುಂಬಿಸದು.