ತಂಗೆವ್ವ ಇಳಿಸಿದ ದೀಪ

ಬಹಳ ಹಿಂದೆ, ಎರೆಹೊಲದ ಸೀಮೆಯ ಒಂದೂರಲ್ಲಿ ತಂಗೆವ್ವ ಅಂತ ಒಬ್ಬ ಹುಡುಗಿ ಇದ್ದಳಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ. ಊರಿಗೆ ಶಾಲೆ ಆಗಷ್ಟೇ ಬಂದಿತ್ತು, ಹಗೇವು ಮೊದಲಿನಿಂದಲೂ ಇತ್ತು.

ಹಗೇವು ಅಂದರೆ ನೆಲದೊಳಗಿನ ಆಳದ ಕಣಜ. ಜೋಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆಯುವಾಗ ಮಾತ್ರ ಒಮ್ಮೊಮ್ಮೆ ಇಳಿದವರು ಮೇಲೆ ಬರುತ್ತಿರಲಿಲ್ಲ. ಒಳಗೆ ದೆವ್ವ ಇದೆ ಅನ್ನುತ್ತಿದ್ದರಂತೆ. ಅದಕ್ಕೇ ಹಗೇವಿನ ಬಾಯಲ್ಲಿ ದೀಪ ಹಚ್ಚಿಟ್ಟು, ಆರದ ಹಾಗೆ ಹೆಂಗಸರು ಸೆರಗು ಮರೆಮಾಡಿ ಕೂರುತ್ತಿದ್ದರಂತೆ. ಹಿಂದೆ ಯಾರೋ ತಿಳಿದವರು ಆ ದೀಪವನ್ನು ಒಳಕ್ಕೆ ಇಳಿಸುತ್ತಿದ್ದಿರಬೇಕು. ಇಳಿಸುವುದು ಮರೆತುಹೋಗಿ ಪೂಜೆ ಉಳಿದುಕೊಂಡಿತ್ತು.

ಆ ವರ್ಷ ಇಳಿಯುವ ಸರದಿ ತಂಗೆವ್ವನ ಅಪ್ಪ ಯಮನಪ್ಪನದು. ಅವ್ವ ಬಾಳವ್ವ ದೀಪಕ್ಕೆ ಸೆರಗು ಹಿಡಿದು ಕೂತಿದ್ದಳು. ಅವಳಿಗೆ ಮಗಳ ಶಾಲೆಯ ಮೇಲೆ ಮೊದಲೇ ಸಿಟ್ಟು. ಅಕ್ಕೋರು ವಿಜ್ಞಾನ ಕಲಿಸಿದರು ಅಂತ ಹಿಂದಿನ ದಿನ ಹುಡುಗಿ ಉರಿಯುವ ದೀಪದ ಮೇಲೆ ಮನೆಯಲ್ಲಿದ್ದ ಒಂದೇ ಗಾಜಿನ ಲೋಟ ಬೋರಲು ಹಾಕಿದ್ದಳು. ದೀಪ ಆರಿತ್ತು, ಲೋಟ ಒಡೆದಿತ್ತು.

"ದೀಪ ಆರಸೂದು ಕಲಿಯಾಕ ಸಾಲಿ ಯಾಕ ಬೇಕು? ಊದಿದ್ರ ಆಗಂಗಿಲ್ಲೇನು?" ಅಂತ ಬೈದಿದ್ದಳಂತೆ ಬಾಳವ್ವ.

ಯಮನಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಆಗ ತಂಗೆವ್ವ ಓಡಿ ಬಂದು ದೀಪ ಎತ್ತಿಕೊಂಡಳಂತೆ.

"ಇದು ಇಲ್ಲಿ ಉರಿದ್ರ ಏನ್ ಬಂತವ್ವಾ? ಅಪ್ಪ ಉಸಿರಾಡೂದು ಕೆಳಗ."

ಅದನ್ನು ಜೋಳ ಎತ್ತುವ ಬುಟ್ಟಿಯಲ್ಲಿಟ್ಟು, ಬುಟ್ಟಿಗೆ ಹಗ್ಗ ಕಟ್ಟಿ ಹಗೇವಿನೊಳಕ್ಕೆ ಇಳಿಬಿಟ್ಟಳು. ಅರ್ಧ ದಾರಿಯಲ್ಲೇ ದೀಪ ಆರಿತು. ದೀಪ ಆರಿದರೆ ಇಳಿಯುವವನ ಜೀವಕ್ಕೆ ಕೇಡು ಅಂತ ಊರ ಗೌಡರು ತಲೆ ಮೇಲೆ ಕೈ ಹೊತ್ತು ಕೂತರು. ಬಾಳವ್ವ ಹೊಡೆಯಲು ಕೈ ಎತ್ತಿದಳು.

"ಆರಿದ್ದು ದೀಪ, ಅಪ್ಪ ಅಲ್ಲ" ಅಂದಳಂತೆ ತಂಗೆವ್ವ. ಕಾಳೂ ಉಸಿರಾಡುತ್ತದೆ, ಮುಚ್ಚಿದ ಹಗೇವಿನ ಒಳ್ಳೆ ಗಾಳಿಯನ್ನೆಲ್ಲ ಅದೇ ತಿಂದು ಮುಗಿಸಿರುತ್ತದೆ, ದೀಪಕ್ಕೆ ಸಾಲದ ಗಾಳಿ ಅಪ್ಪನಿಗೂ ಸಾಲದು ಅಂದಳಂತೆ.

ಕಾಳಿನ ಉಸಿರು ಬಾಳವ್ವನಿಗೆ ಅರ್ಥವಾಗಲಿಲ್ಲ. ಆದರೆ ಲೋಟದೊಳಗೆ ದೀಪ ಆರಿದ್ದನ್ನು ಕಣ್ಣಾರೆ ಕಂಡಿದ್ದಳಲ್ಲ. ಎತ್ತಿದ ಕೈಯಿಂದಲೇ ಗಂಡನ ಸೊಂಟದ ಹಗ್ಗ ಹಿಡಿದುಕೊಂಡು, "ಇಳಿಬ್ಯಾಡ್ರಿ" ಅಂದಳು.

ಹಗೇವಿನ ಬಾಯಿ ಮುಚ್ಚದೆ ಹಾಗೇ ಬಿಟ್ಟರು. ಹಗ್ಗಕ್ಕೆ ಕಂಬಳಿ ಕಟ್ಟಿ ಇಳಿಸಿ, ಎಳೆದು, ಒಳಗಿನ ಗಾಳಿ ಕಲಕಿದರು. ಮರುದಿನ ದೀಪ ತಳದವರೆಗೂ ಉರಿಯಿತು. ಯಮನಪ್ಪ ಇಳಿದ, ಜೋಳ ತುಂಬಿ ಕಳಿಸಿದ, ಸೀನುತ್ತಾ ಮೇಲೆ ಬಂದ. ಅಷ್ಟೇ.

ಊರು ಅಷ್ಟಕ್ಕೇ ಬಿಡುತ್ತದೆಯೇ? ತಂಗೆವ್ವ ದೆವ್ವವನ್ನು ಗಾಜಿನ ಲೋಟದಲ್ಲಿ ಹಿಡಿದಿಟ್ಟಳು ಅನ್ನುವವರಿದ್ದಾರೆ. ಲೋಟ ಒಡೆದಿತ್ತಲ್ಲ ಅಂದರೆ ಮುನಿಸಿಕೊಳ್ಳುತ್ತಾರೆ.

ಆ ಊರಲ್ಲಿ ಈಗಲೂ ಹಗೇವು ತೆಗೆದರೆ ಮೊದಲು ಇಳಿಯುವುದು ತಂಗೆವ್ವನ ದೀಪ. ಶಾಲೆಯ ಮಗುವೊಂದನ್ನು ಕರೆಸಿ, ಅವತ್ತು ತಂಗೆವ್ವ ಇಳಿಸಿದ ದೀಪ ಯಾಕೆ ಆರಿತು ಹೇಳು ಅಂತ ಕೇಳುತ್ತಾರೆ. ಸರಿಯಾಗಿ ಹೇಳಿದರೆ ಮೊದಲ ಬೊಗಸೆ ಜೋಳ ಅದಕ್ಕೇ. ದೆವ್ವ ಅಂದರೆ ತಿರುಗಿ ಶಾಲೆಗೆ ಕಳಿಸುತ್ತಾರಂತೆ. ಅದು ಕಲಿತು ಬರುವವರೆಗೆ ಯಾರೂ ಸೊಂಟಕ್ಕೆ ಹಗ್ಗ ಕಟ್ಟುವುದಿಲ್ಲ.