ಉರಿಬಿಸಿಲಲ್ಲಿ ಚಿಗುರಿದ ಬನ್ನಿ

ಭೂಮಿ ಇನ್ನೂ ಎಳೆಯದಾಗಿದ್ದ ಕಾಲ. ಗಾಳಿ ಮಾತಾಡುತ್ತಿತ್ತು, ಮರಗಳು ನಡೆಯುತ್ತಿದ್ದವು. ಮರಗಳೆಲ್ಲ ಹೊಳೆಯ ದಂಡೆಯಲ್ಲೇ ಇರುತ್ತಿದ್ದವು. ಮರಳುಗಾಡಿನಲ್ಲಿ ಒಂದೂ ಇರಲಿಲ್ಲ.

ಮರಳುಗಾಡಿನ ಆಚೆ, ಕೆಂಪು ಗುಡ್ಡಗಳಲ್ಲಿ, ಧಾಪು ಎಂಬ ಹೆಣ್ಣುಮಗಳೂ ಅವಳ ಜನರೂ ಇದ್ದರು. ಬಂಡೆಗಳ ಮೇಲೆ ಜಿಂಕೆ, ಒಂಟೆಗಳ ಚಿತ್ರ ಬರೆಯುವ ಜನ ಅವರು. ಒಂದು ಬೇಸಿಗೆಯಲ್ಲಿ ಅವರ ನೀರಿನ ಬುಗ್ಗೆ ಬತ್ತತೊಡಗಿತು. ಧಾಪು ಒಬ್ಬಳೇ ಮರಳು ದಾಟಿ ಹೊಳೆಯನ್ನು ಹುಡುಕಿದಳು. ತಿರುಗಿ ನೋಡಿದರೆ ಹೆಜ್ಜೆಗುರುತೇ ಇಲ್ಲ!

“ಗಾಳಿಯಪ್ಪಾ, ಯಾಕೆ ಅಳಿಸಿದೆ? ನನ್ನ ಜನ ಹೇಗೆ ಬರಬೇಕು?”

“ಮರಳಿನ ಮೇಲೆ ಮೂಡಿದ್ದೆಲ್ಲ ನನ್ನದು,” ಎಂದಿತು ಗಾಳಿ.

ಧಾಪು ಮರಗಳನ್ನು ಕೇಳಿದಳು. “ದಾರಿ ನಡುವೆ ಗುರುತಾಗಿ ಯಾರಾದರೂ ನಿಲ್ಲುತ್ತೀರಾ?”

“ಅಯ್ಯೋ, ಸುಟ್ಟುಹೋಗ್ತೀವಿ!” ಎಂದಿತು ಮಾವು. ಆಲ ಮುಖ ತಿರುಗಿಸಿತು.

“ನಾನು ಬರ್ತೀನಕ್ಕಾ,” ಎಂದಿತು ಮುಳ್ಳುಮುಳ್ಳಾದ ಬನ್ನಿ.

“ಭಯ ಇಲ್ವೇನೇ ನಿನಗೆ?”

“ಇದೆ. ಆದ್ರೂ ಬರ್ತೀನಿ.”

ನಡುದಾರಿಯ ದಿಬ್ಬದ ಮೇಲೆ ಬನ್ನಿ ನಿಂತಿತು. ಧಾಪು ತನ್ನ ಸೋರೆಬುರುಡೆಯ ನೀರಲ್ಲಿ ಅರ್ಧವನ್ನು ಅದರ ಬುಡಕ್ಕೆ ಸುರಿದು, ಸೂರ್ಯ ಮುಳುಗುವ ದಿಕ್ಕು ಹಿಡಿದು ಗುಡ್ಡಕ್ಕೆ ನಡೆದಳು.

ಬಿಸಿಲೇರಿತು. ಬನ್ನಿಯ ಎಲೆಗಳು ಉದುರಿದವು. ಅದು ಬೇರನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಸಿತು.

“ಯಾರದು, ಬಾಗಿಲು ತಟ್ಟೋದು?” ಎಂದಿತು ಪಾತಾಳದ ನೀರು.

“ನಾನು, ಬನ್ನಿಮರ. ಧಾಪಕ್ಕನ ಜನಕ್ಕೆ ದಾರಿ ತೋರಿಸಬೇಕು.”

“ಇಷ್ಟು ಆಳಕ್ಕೆ ಯಾರೂ ಬಂದಿರಲಿಲ್ಲ ಮಗಳೇ. ಕುಡಿ. ಬೇರೆಯವರು ಒಣಗುವಾಗ ನೀನು ಚಿಗುರು.”

ಅತ್ತ ಧಾಪು ತನ್ನ ಜನರನ್ನೂ ಒಂಟೆಗಳನ್ನೂ ಕರೆದುಕೊಂಡು ಹೊರಟಿದ್ದಳು. ಗಾಳಿ ಮರಳೆಬ್ಬಿಸಿತು. ಎತ್ತ ನೋಡಿದರೂ ಒಂದೇ ಬಣ್ಣ. ಮಕ್ಕಳು ಬಾಯಾರಿ ಅಳತೊಡಗಿದವು.

“ದಾರಿ ತಪ್ಪಿದ್ವಿ ಕಣವ್ವ, ಹಿಂದಕ್ಕೆ ಹೋಗೋಣ,” ಎಂದ ಚಿಕ್ಕಪ್ಪ ಖೇಮ.

ಧಾಪು ಸುತ್ತ ಹುಡುಕಿದಳು. ಬನ್ನಿ ಸತ್ತೇ ಹೋಯಿತೇ? ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ದೂರದ ದಿಬ್ಬದ ಮೇಲೆ ಒಂದು ಚೂರು ಹಸಿರು!

“ಚಿಕ್ಕಪ್ಪಾ, ಅಗೋ! ನಮ್ಮ ಬನ್ನಿ!”

ಎಲ್ಲರೂ ಅದರ ನೆರಳು ಸೇರಿದರು. ಗಾಳಿ ಬಂದು ಕೊಂಬೆಗಳನ್ನು ಎಳೆಯಿತು, ಜಗ್ಗಿತು. ಬನ್ನಿ ಅಲ್ಲಾಡಲಿಲ್ಲ. ಸಾಕಾಗಿ ಗಾಳಿ ತಣ್ಣಗೆ ಅದರ ಎಲೆಗಳೊಳಗೆ ಕೂತುಬಿಟ್ಟಿತು.

ಹೊರಡುವಾಗ ಧಾಪು ಕೇಳಿದಳು, “ಹೊಳೆಗೆ ವಾಪಸ್ ಬರ್ತೀಯೇನೇ?”

“ಇಲ್ಲಕ್ಕಾ. ಇದು ನನ್ನ ಜಾಗ. ನಾನಿಲ್ಲಿ ನಿಂತರೇ ಇದು ದಾರಿ,” ಎಂದು ಬನ್ನಿ ತಲೆ ಎತ್ತಿ ನಿಂತಿತು.

ಅದಕ್ಕೇ ಮಗೂ, ಮರಳುಗಾಡಿನ ನಡುಬೇಸಿಗೆಯಲ್ಲಿ ಹುಲ್ಲುಕಡ್ಡಿಯೂ ಕರಕಲಾಗಿರುವಾಗ, ಬನ್ನಿಮರ ಮಾತ್ರ ಇವತ್ತಿಗೂ ಹೊಸ ಚಿಗುರು ಬಿಟ್ಟು ನಿಂತಿರುತ್ತದೆ.