ಕೆಂಚರಾಯನ ರಾಜನೊರೆ

ಬಿದಿರು ಒತ್ತಾಗಿ ಬೆಳೆದ ಒಂದು ಕಾಡಿನಲ್ಲಿ ಕೆಂಚರಾಯ ಎಂಬ ಹುಲಿ ಆಳುತ್ತಿದ್ದ. ಸೋಗಣ್ಣ ಎಂಬ ನರಿ ಅವನ ಮಂತ್ರಿ. ಮಂತ್ರಿಗಿರಿ ಎಂದರೆ ಹೆಚ್ಚೇನಿಲ್ಲ. ಹುಲಿ ಬೇಟೆಯಾಡಬೇಕು, ನರಿ ಹೊಗಳಬೇಕು, ಆಮೇಲೆ ಇಬ್ಬರೂ ಉಣ್ಣಬೇಕು.

ಕಾಡಿನ ಪದ್ಧತಿಯಂತೆ ಕೆಂಚರಾಯ ದಿನವೂ ಗಡಿಯ ಮರಗಳಿಗೆ ಉಚ್ಚೆ ಹೊಯ್ದು ಬರುತ್ತಿದ್ದ. ಅದೇ ಅವನ ಬೇಲಿ, ಅದೇ ಅವನ ಮೊಹರು. ಒಂದು ಬೆಳಿಗ್ಗೆ ಮರದ ಬುಡದಲ್ಲಿ ಬಿಳಿ ನೊರೆ ಎದ್ದಿತು. ಎಷ್ಟು ಹೊತ್ತಾದರೂ ಆರಲಿಲ್ಲ. ಕೆಂಚರಾಯನ ಕಣ್ಣಿನ ಸುತ್ತ ಬೇರೆ ಊದಿಕೊಂಡಿತ್ತು, ಕಾಲು ಭಾರವಾಗಿತ್ತು.

“ಏನೋ ಇದು, ಮಂತ್ರಿ?”

ಸೋಗಣ್ಣನಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಅಭ್ಯಾಸ ಅವನ ವಂಶದಲ್ಲೇ ಇರಲಿಲ್ಲ.

“ಇದು ರಾಜನೊರೆ, ಪ್ರಭು! ಒಳಗಿನ ಕಸುವು ತುಂಬಿ ಹೊರಗೆ ಚೆಲ್ಲುತ್ತಿದೆ. ಮುಖ ನೋಡಿಕೊಳ್ಳಿ, ಎಷ್ಟು ಕಳೆಯಾಗಿ ತುಂಬಿಕೊಂಡಿದೆ! ಚೆಲ್ಲಿದ್ದನ್ನು ಮತ್ತೆ ತುಂಬಿಸಬೇಕು. ಇನ್ನು ಮೇಲೆ ಒಂದಲ್ಲ, ಎರಡು ಜಿಂಕೆ ಹೊಡೆಯಿರಿ.”

ಜಿಂಕೆ ಎರಡಾದರೆ ಮಂತ್ರಿಯ ಪಾಲೂ ಎರಡಾಗುತ್ತದೆ ಎಂಬುದು ಮಂತ್ರಿಗೆ ಚೆನ್ನಾಗಿ ಗೊತ್ತಿತ್ತು.

ಸುದ್ದಿ ಹಬ್ಬಿತು. ನೊರೆ ಕಂಡಲ್ಲೆಲ್ಲ ಪ್ರಾಣಿಗಳು ತಲೆಬಾಗಿ ದಾಟತೊಡಗಿದವು. ಸೋಗಣ್ಣನಿಗೆ ಹೊಟ್ಟೆಕಿಚ್ಚಾಯಿತು. ಅಂಟುವಾಳದ ಕಾಯಿ ಜಜ್ಜಿ, ತನ್ನ ಉಚ್ಚೆಗೆ ಕಲಸಿ, ಬಾಲದಿಂದ ಕಡೆದ. ಸೊಗಸಾದ ನೊರೆ ಬಂತು. “ನನಗೂ ರಾಜನೊರೆ ಶುರುವಾಗಿದೆ” ಎಂದು ಕಾಡಿಗೆಲ್ಲ ಸಾರಿದ.

ಕೆಂಚರಾಯ ಮಾತ್ರ ದಿನದಿಂದ ದಿನಕ್ಕೆ ಊದಿಕೊಂಡ. ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ಒಂದು ಕಡವೆ ಮರಿ ಅವನೆದುರೇ ನಿಧಾನವಾಗಿ ನಡೆದುಕೊಂಡು ಹೋಯಿತು. ಆಗ ಅವನಿಗೆ ನಿಜವಾಗಿ ಸಾವಿನ ಹೆದರಿಕೆಯಾಯಿತು. ವೈದ್ಯ ಗೀಜಗಜ್ಜನಿಗೆ ಹೇಳಿ ಕಳಿಸಿದ.

ಗೀಜಗಜ್ಜ ಗೂಡು ನೇಯುವ ಮುದಿ ಹಕ್ಕಿ. ನೊರೆ ನೋಡಿದ. ಊದಿದ ಕಾಲನ್ನು ಕೊಕ್ಕಿನಿಂದ ಒತ್ತಿದ. ಒತ್ತಿದಲ್ಲಿ ಬಿದ್ದ ಕುಳಿ ಹಾಗೇ ನಿಂತಿತು.

“ರಾಯರೇ, ನನ್ನ ಗೂಡಿನೊಳಗೆ ನೀರು ಬಿದ್ದರೆ ಎಳೆಗಳ ಸಂದಿಯಿಂದ ಇಳಿದು ಹೋಗುತ್ತೆ, ಮರಿ ಒಳಗೇ ಉಳಿಯುತ್ತೆ. ನಿಮ್ಮ ಬೆನ್ನಿನ ಎರಡು ಬದಿಗೂ ಅಂಥದೇ ನೇಯ್ಗೆ ಇದೆ. ಅದೇ ಮೂತ್ರಪಿಂಡ. ಅದು ಕೊಳೆಯನ್ನು ಹೊರಗೆ ಬಿಟ್ಟು, ರಕ್ತದ ಪ್ರೋಟೀನನ್ನು ಒಳಗೆ ಹಿಡಿದಿಡಬೇಕು. ಈಗ ನಿಮ್ಮ ನೇಯ್ಗೆ ಹರಿದಿದೆ. ಪ್ರೋಟೀನೇ ಸೋರುತ್ತಿದೆ, ಅದಕ್ಕೇ ಈ ನೊರೆ. ಅದು ಕಡಿಮೆಯಾದರೆ ರಕ್ತಕ್ಕೆ ನೀರು ಹಿಡಿದಿಡಲು ಆಗಲ್ಲ. ಅದಕ್ಕೇ ಈ ಊತ.”

“ಹೆಚ್ಚು ತಿಂದರೆ ಸರಿಹೋಗುತ್ತೆ ಅಂದನಲ್ಲ ನಮ್ಮ ಮಂತ್ರಿ?”

“ಹರಿದ ಗೂಡಿಗೆ ಇನ್ನಷ್ಟು ಮೊಟ್ಟೆ ಇಟ್ಟರೆ ಹರಕು ದೊಡ್ಡದಾಗುತ್ತೆ. ಮಾಂಸ ಅಳತೆಯಲ್ಲಿರಲಿ. ಉಪ್ಪುಮಣ್ಣು ನೆಕ್ಕಬೇಡಿ. ನಾನು ಕೊಡುವ ಕಷಾಯ ತಪ್ಪಿಸಬೇಡಿ. ಇನ್ನೂ ತಡವಾಗಿದ್ದರೆ ನಾನು ಬಂದೂ ಪ್ರಯೋಜನ ಇರುತ್ತಿರಲಿಲ್ಲ.”

ಕೆಂಚರಾಯ ತಟ್ಟನೆ ಸೋಗಣ್ಣನ ಕಡೆ ತಿರುಗಿದ. ಹುಲಿಯ ಕಣ್ಣಲ್ಲಿ ನೀರಿತ್ತು. “ಅಯ್ಯೋ, ನಿನಗೂ ಇದೇ ಕಾಯಿಲೆಯಲ್ಲೋ! ಅಜ್ಜ, ಇವನಿಗೂ ಪಥ್ಯ ಹೇಳಿ.”

ಗೀಜಗಜ್ಜ ಸೋಗಣ್ಣನ ನೊರೆಯ ಹತ್ತಿರ ಹೋದ. ಮೂಸಿದ. ನೊರೆ ಮೆತ್ತಿದ್ದ ನರಿಯ ಬಾಲವನ್ನೂ ಒಮ್ಮೆ ನೋಡಿದ.

“ಇವರದು ಇನ್ನೂ ಜೋರು,” ಎಂದ. “ಮಾಂಸ ಪೂರ್ತಿ ಬಿಡಬೇಕು. ಕಷಾಯ ಎರಡರಷ್ಟು.”

ನಿಜ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಊಟ ಹೋಗುತ್ತದೆ. ಸೋಗಣ್ಣ ಮಾನ ಉಳಿಸಿಕೊಂಡ. ಕೆಂಚರಾಯ ಪ್ರೀತಿಯಿಂದ ಪಕ್ಕದಲ್ಲೇ ಕೂತು ಅವನಿಗೆ ಕಷಾಯ ಕುಡಿಸಿದ. ಹುಲಿಯ ಊತ ಇಳಿಯುತ್ತ ಬಂತು. ನರಿಯ ಪಕ್ಕೆಲುಬು ಕಾಣಿಸುತ್ತ ಬಂತು. ಕೊನೆಗೊಮ್ಮೆ ಹುಲಿ ತನ್ನ ಅಳತೆಯ ಮಾಂಸ ತಿನ್ನುತ್ತಿದ್ದಾಗ ಸೋಗಣ್ಣನಿಗೆ ತಡೆಯಲಾಗಲಿಲ್ಲ.

“ನನಗೆ ಕಾಯಿಲೆಯೇ ಇಲ್ಲ, ಪ್ರಭು! ಅದು ಅಂಟುವಾಳದ ನೊರೆ!”

ಕೆಂಚರಾಯ ಬಾಯಲ್ಲಿದ್ದುದನ್ನು ನುಂಗಿದ. “ನೀನು ಗಟ್ಟಿಮುಟ್ಟಾಗಿದ್ದೀಯಲ್ಲ, ಸಂತೋಷ,” ಎಂದ. “ಗಟ್ಟಿಮುಟ್ಟಾಗಿರುವವರು ತಮ್ಮ ಬೇಟೆ ತಾವೇ ಆಡಿಕೊಳ್ಳಬೇಕು. ಹೊರಡು. ಮತ್ತೆ ಬರಬೇಡ.”

ಆ ಸಂಜೆ ಸೋಗಣ್ಣ ಒಂದು ಇಲಿಯ ಬಿಲದ ಮುಂದೆ ಕೂತು ಇಲಿಯನ್ನು ಬಹಳ ಹೊತ್ತು ಹೊಗಳಿದ. ಇಲಿ ಹೊರಗೆ ಬರಲಿಲ್ಲ.

ನೀತಿ: ರೋಗದ ಗುರುತನ್ನು ಹಿರಿಮೆ ಎಂದು ಹೊಗಳುವವರ ಮಾತು ನಂಬಿ ಕೂರಬಾರದು, ಬೇಗ ವೈದ್ಯರಿಗೆ ತೋರಿಸಬೇಕು.